ಸೋಮವಾರದ ತಲೆನೋವು

ಮಾರ್ಚ್ 5, ಮಂಗಳವಾರ

ಅಕ್ಕಾ,

ಇತ್ತ ನಾನು ಇನ್ನೂ ಸಿಡಿದಿಲ್ಲ. ಅತ್ತ ನಿನ್ನ ಸಂಪಾದಕರೂ ಸಿಡಿದಿಲ್ಲ ತಾನೆ?

ಕೆಲಸಕ್ಕೆ ಸೇರಿ ಚಳಿಗಾಲವೇ ಕಳೆಯಿತು, ಈಗ ಪುರುಸೊತ್ತಾಯಿತೇ ಎಂದು ಬೈಯಬೇಡ. ಕಲ್ಲು ಒಡೆಯುವವರಿಗೆ ಸಿಡಿಮದ್ದು ಮಾಡುವ ಕಾರ್ಖಾನೆ ಎಂದಷ್ಟೇ ಹೇಳಿ ಬಂದಿದ್ದೆ. ಈಗ ಒಳಗಿನ ಸಮಾಚಾರ ಕೇಳು. ಗೇಟಿನಲ್ಲೇ ಬೆಂಕಿಪೊಟ್ಟಣ, ಬೀಗದ ಕೈ, ಚಿಲ್ಲರೆ ಎಲ್ಲ ತೆಗೆದಿಟ್ಟುಕೊಳ್ಳುತ್ತಾರೆ. ಚಪ್ಪಲಿಯಲ್ಲಿ ಒಂದು ಮೊಳೆಯೂ ಇರುವ ಹಾಗಿಲ್ಲ. ಶೆಡ್ಡುಗಳು ಒಂದಕ್ಕೊಂದು ದೂರ, ಪ್ರತಿಯೊಂದರ ಸುತ್ತ ಆಳೆತ್ತರದ ಮಣ್ಣಿನ ದಿಬ್ಬ. ಒಂದು ಹಾರಿದರೂ ಪಕ್ಕದ್ದು ಉಳಿಯಲಿ ಎಂದು. ಹಾರಿದ್ದರ ಒಳಗಿದ್ದವರ ಬಗ್ಗೆ ದಿಬ್ಬಕ್ಕೇನೂ ಅಭಿಪ್ರಾಯವಿಲ್ಲ. ಮದ್ದಿನ ಎಣ್ಣೆಯನ್ನು ಮರದ ಪುಡಿಯ ಜೊತೆ ಕಲಸಿ ಕಾಗದದ ಕೊಳವೆಗೆ ತುಂಬುವುದು ನನ್ನ ಕೆಲಸ. ನೋಡಿದರೆ ಪಾಪದ ಎಣ್ಣೆ, ಅಡುಗೆಮನೆಯಲ್ಲಿಟ್ಟರೆ ನೀನು ಒಗ್ಗರಣೆಗೇ ಹಾಕಿಬಿಡುತ್ತೀಯ.

ನಮ್ಮ ತಟ್ಟೆ ತೊಳೆಯುವ ಪಂದ್ಯ ನೆನಪಿದೆಯಾ? ಒಬ್ಬರು ಏನಾದರೂ ವಿಚಿತ್ರ ಹೇಳಬೇಕು, ಇನ್ನೊಬ್ಬರು ನಿಜವೋ ಸುಳ್ಳೋ ಹೇಳಬೇಕು. ಸೋತವರಿಗೆ ಮನೆಮಂದಿಯ ತಟ್ಟೆ. ಉತ್ತರ ಸಿಕ್ಕ ಮೇಲೆ ಕೆದಕುವ ಹಾಗಿಲ್ಲ. ಅಮ್ಮ ಹೋದ ಮೇಲೆ ತಟ್ಟೆಗಳೂ ಎರಡಾದವು, ಆಟವೂ ನಿಂತಿತು. ನೀನೇನೋ ಅದನ್ನೇ ಹೊಟ್ಟೆಪಾಡು ಮಾಡಿಕೊಂಡು ವಾರಪತ್ರಿಕೆಯಲ್ಲಿ ‘ಹೌದಾ?’ ಮೂಲೆ ಬರೆಯುತ್ತೀಯ. ಅಂಥವಳನ್ನು ಸೋಲಿಸಿದರೆ ನನಗೂ ಒಂದು ಗತ್ತು.

ತಗೋ: ನಮ್ಮ ಶೆಡ್ಡಿನಲ್ಲಿ ಎಣ್ಣೆ ತೊಟ್ಟಿಯ ಕಾವು ನೋಡುತ್ತ ಕೂರುವವನಿಗೆ ಒಂದೇ ಕಾಲಿನ ಸ್ಟೂಲು ಕೊಡುತ್ತಾರೆ. ನಿಜವೋ ಸುಳ್ಳೋ?

ಕಾಗದವನ್ನು ಕಾರ್ಖಾನೆಯ ಗೇಟಿಗೇ ಬರೆ. ನನ್ನ ಬಾಡಿಗೆ ರೂಮಿನ ಮೆಟ್ಟಿಲ ಕೆಳಗೆ ಬಿದ್ದದ್ದು ಯಾರ ಪಾಲಾಗುತ್ತದೋ ಗೊತ್ತಿಲ್ಲ. ಗೇಟಿನ ಕಾವಲುಗಾರಣ್ಣ ಕಿಟಕಿಯ ಸರಳಿಗೆ ಸಿಕ್ಕಿಸಿ ಇಟ್ಟಿರುತ್ತಾನೆ.

ನಿನ್ನ ತಮ್ಮ

ಮಾರ್ಚ್ 14, ಗುರುವಾರ

ಪುಟ್ಟಾ,

ಸುಳ್ಳು. ಹಸಿ ಹಸಿ ಸುಳ್ಳು. ಮದ್ದಿನ ತೊಟ್ಟಿಯ ಪಕ್ಕ ಒಂಟಿಕಾಲಿನ ಸ್ಟೂಲಿನಲ್ಲಿ ಮನುಷ್ಯನನ್ನು ಕೂರಿಸುವಷ್ಟು ತಲೆಕೆಟ್ಟವರು ಯಾರಿದ್ದಾರೆ? ನೀನು ಚಿಕ್ಕವನಿದ್ದಾಗಲೂ ಹೀಗೇ, ಬಾಯಿಗೆ ಬಂದದ್ದು ಹೇಳಿ ತಟ್ಟೆ ತೊಳೆಯುತ್ತಿದ್ದೆ.

ನಾನು ಹೊಲಿದುಕೊಟ್ಟ ನೀಲಿ ಟೋಪಿ ಹಾಕಿಕೊಳ್ಳುತ್ತಿದ್ದೀಯಾ, ಮೂಲೆಗೆ ಎಸೆದಿದ್ದೀಯಾ? ಹಣೆಗೆ ಒತ್ತಬಾರದೆಂದು ಒಳಗೆ ಎರಡು ಮಡಿಕೆ ಪಟ್ಟಿ ಕೊಟ್ಟಿದ್ದೇನೆ.

ಇಲ್ಲಿ ನಮ್ಮ ಸಂಪಾದಕರ ಕಾಟ. ಕಚೇರಿಯಲ್ಲಿ ಎಲ್ಲರೂ ಅವರನ್ನು ‘ಕತ್ತರಿ’ ಎನ್ನುತ್ತೇವೆ, ಹಿಂದಿನಿಂದ. “ನಿಮ್ಮ ಮೂಲೆ ಓದೋರು ಯಾರಮ್ಮ? ಆ ಜಾಗಕ್ಕೆ ತಲೆಗೆ ಹಚ್ಚೋ ಎಣ್ಣೆ ಜಾಹೀರಾತು ಕಾಯ್ತಾ ಇದೆ” ಅಂದರು. ಮೂಲೆ ಹೋದರೆ ನಾನೂ ಹೋದ ಹಾಗೆ. ಈ ವಾರ ಹಾಕಿದ್ದು: ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲೆಂದು ಆಮೇಲೆ ಬೆರೆಸುತ್ತಾರೆ. ಇನ್ನೊಂದು, ನಮ್ಮ ಮೂಗು ಯಾವಾಗಲೂ ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ದಿನಾ ನೋಡಿ ನೋಡಿ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಚಿಕೆ ಇದರ ಜೊತೆ ಇಟ್ಟಿದ್ದೇನೆ.

ನನ್ನದು: ಸತ್ತ ಮೇಲೂ ಮನುಷ್ಯನ ಉಗುರು ಬೆಳೆಯುತ್ತದೆ. ನಿಜವೋ ಸುಳ್ಳೋ?

ಅಕ್ಕ

ಮಾರ್ಚ್ 26, ಮಂಗಳವಾರ

ತಟ್ಟೆ ತೊಳೆಯುವ ಅಕ್ಕನವರಿಗೆ,

ಸ್ಟೂಲು ನಿಜ! ನಾಲ್ಕು ಕಾಲಿದ್ದರೆ ತೂಕಡಿಸಿದವನು ಹಾಗೇ ಕೂತಿರುತ್ತಾನೆ, ತೊಟ್ಟಿ ಕಾದು ಸಿಡಿಯುತ್ತದೆ, ಆಮೇಲೆ ನಮ್ಮೆಲ್ಲರನ್ನೂ ಮರದಿಂದ ಆಯ್ದು ತೆಗೆಯಬೇಕು. ಒಂದೇ ಕಾಲಿದ್ದರೆ ಕಣ್ಣು ಮುಚ್ಚಿದ ಕೂಡಲೇ ಧೊಪ್ಪನೆ ಬೀಳುತ್ತಾನೆ, ಬೈದು ಎಬ್ಬಿಸುತ್ತೇವೆ. ಬೇಕಾದರೆ ಇದನ್ನು ನಿನ್ನ ಮೂಲೆಗೆ ಹಾಕಿಕೋ, ಮುಚ್ಚಿಡುವಂಥದ್ದೇನಿಲ್ಲ. ಉಗುರು ಬೆಳೆಯುವುದು ನಿಜ ಅನ್ನುತ್ತೇನೆ.

ಇನ್ನು ಹೇಳುವುದು ನಿನಗೆ ಮಾತ್ರ. ಪತ್ರಿಕೆಯಲ್ಲಿ ಹಾಕಬೇಡ, ಕೆಲಸ ಹೋಗುತ್ತದೆ. ನಮ್ಮಲ್ಲಿ ಸೋಮವಾರದ ತಲೆನೋವು ಅಂತ ಒಂದಿದೆ. ಎಣ್ಣೆ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಭಾನುವಾರ ರಜೆ ಮುಗಿಸಿ ಬಂದವರಿಗೆಲ್ಲ ಸೋಮವಾರ ತಲೆ ಸೀಳಿಹೋಗುವ ನೋವು, ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮಂಗಳವಾರ, ಬುಧವಾರ ಬರುವಷ್ಟರಲ್ಲಿ ಮೈ ಒಗ್ಗಿಕೊಂಡು ಮಾಯ. ಮುಂದಿನ ಸೋಮವಾರ ಮತ್ತೆ ಹಾಜರು. ನಮ್ಮ ಮೇಸ್ತ್ರಿ ಇದಕ್ಕೆ ಮದ್ದು ಕಲಿಸಿದ. ಅವನನ್ನು ಸಿಹಿ ಮೇಸ್ತ್ರಿ ಅನ್ನುತ್ತಾರೆ, ಎಣ್ಣೆ ನಾಲಿಗೆಗೆ ಸಿಹಿ ಎಂದು ರುಚಿ ನೋಡಿ ಹೇಳಿದ ಮಹಾನುಭಾವ. “ಶನಿವಾರ ಸಂಜೆ ಬೆರಳಲ್ಲಿ ಒಂದಿಷ್ಟು ತಗೊಂಡು ಟೋಪಿ ಪಟ್ಟಿಗೆ ಸವರ್ಕೋ ಮಗಾ. ರಜೆ ಪೂರ್ತಿ ಟೋಪಿ ತೆಗೀಬೇಡ. ಮೈಗೆ ರಜೆ ಅಂತ ಗೊತ್ತೇ ಆಗಬಾರದು” ಅಂದ. ನಿನ್ನ ಎರಡು ಮಡಿಕೆ ಪಟ್ಟಿ ಇದಕ್ಕೇ ಹೊಲಿದ ಹಾಗಿದೆ. ಈಗ ನನ್ನ ಸೋಮವಾರಗಳು ಹೂವಿನ ಹಾಗೆ.

ಸರಿ, ನನ್ನದು: ಟೋಪಿ ಇಲ್ಲದ ರಜೆಯ ದಿನ ಯಾರೋ ಬಂದು ನನ್ನ ಎದೆಯ ಮೇಲೆ ಕೂರುತ್ತಾರೆ. ಟೋಪಿ ಹಾಕಿಕೊಂಡರೆ ಎದ್ದು ಹೋಗುತ್ತಾರೆ. ನಿಜವೋ ಸುಳ್ಳೋ?

ತಮ್ಮ

ಏಪ್ರಿಲ್ 8, ಸೋಮವಾರ

ಪುಟ್ಟಾ,

ಸುಳ್ಳು, ಸುಳ್ಳು, ಸುಳ್ಳು. ಸ್ಟೂಲಿನಲ್ಲಿ ಗೆದ್ದೆ ಎಂದು ಈಗ ದೆವ್ವದ ಕಥೆ ಹೇಳಿ ನಂಬಿಸಲು ಬಂದೆಯಾ? ತಲೆನೋವಿನ ತನಕ ನಂಬಿದೆ. ಎದೆಯ ಮೇಲೆ ಕೂರುವವರು, ಟೋಪಿ ಕಂಡು ಏಳುವವರು! ಅಮ್ಮನ ಹತ್ತಿರ ಹೇಳಿದ್ದರೆ ದೃಷ್ಟಿ ತೆಗೆಯುತ್ತಿದ್ದಳು.

ಉಗುರಿನಲ್ಲಿ ನೀನು ಸೋತೆ. ಸತ್ತ ಮೇಲೆ ಉಗುರು ಬೆಳೆಯುವುದಿಲ್ಲ. ಚರ್ಮ ಒಣಗಿ ಹಿಂದೆ ಸರಿಯುತ್ತದೆ, ನೋಡುವವರಿಗೆ ಉಗುರು ಬೆಳೆದಂತೆ ಕಾಣುತ್ತದೆ ಅಷ್ಟೆ.

ಸ್ಟೂಲಿನ ಸಂಗತಿ ಕತ್ತರಿಗೂ ಹಿಡಿಸಿತು. ಓದಿ ನಕ್ಕರು, ಆ ಮುಖದಲ್ಲಿ ಹಲ್ಲುಗಳಿವೆ ಎಂದು ಅವತ್ತೇ ಗೊತ್ತಾದದ್ದು. ಆದರೆ ನಗು ಒಂದು ವಾರದ್ದು. “ಇಂಥದ್ದು ಇನ್ನೊಂದು ತನ್ನಿ, ಇಲ್ಲದಿದ್ರೆ ತಿಂಗಳ ಕೊನೆಗೆ ಎಣ್ಣೆ ಜಾಹೀರಾತೇ ಗಟ್ಟಿ” ಅಂದರು. ಹೆದರಬೇಡ, ಟೋಪಿಯ ವಿಷಯ ನನ್ನ ಹೊಟ್ಟೆಯಲ್ಲೇ ಇರುತ್ತದೆ.

ಅಕ್ಕ

ಏಪ್ರಿಲ್ 20, ಶನಿವಾರ

ಅಕ್ಕಾ,

ನೀನು ಗೆದ್ದೆ. ಸುಳ್ಳೇ. ನಿನ್ನ ಪಾಲಿನ ತಟ್ಟೆ ನಾನು ತೊಳೆದೆ ಎಂದುಕೋ.

ಇಲ್ಲಿ ಬಿಸಿಲು ಏರಿದೆ. ಭಾನುವಾರವಿಡೀ ಟೋಪಿ ಹಾಕಿಕೊಂಡು ಕೂರುವ ನನ್ನನ್ನು ನೋಡಿ ಮಹಡಿಯವರೆಲ್ಲ ನಗುತ್ತಾರೆ. ಮನೆ ಒಡತಿ ಕೇಳಿದಳು, “ಏನಪ್ಪಾ, ತಲೆ ಬೋಳಾಯ್ತಾ?” ಹೌದು ಅಂದೆ. ಮೂರನೇ ಮಹಡಿಯ ರೂಮು ಬಿಟ್ಟು ಕೆಳಗೆ ಒಂದು ಕತ್ತಲೆ ಕೋಣೆಗೆ ಬಂದಿದ್ದೇನೆ. ಮೆಟ್ಟಿಲು ಹತ್ತಲು ಸೋಮಾರಿತನ. ಅಷ್ಟೇ ಸಮಾಚಾರ.

ತಮ್ಮ

ಮೇ 7, ಮಂಗಳವಾರ

ಪುಟ್ಟಾ,

ತಡವಾಯಿತು. ಕೆಲಸ ಜಾಸ್ತಿ. ಒಳ್ಳೆಯ ಸುದ್ದಿ, ನನ್ನ ಮೂಲೆ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಅರ್ಧ ಪುಟ ಆಗಿದೆ. ಒಂದು ಸಂಗತಿ ಓದುಗರಿಗೆ ಬಹಳ ಹಿಡಿಸಿ, ಬೇರೆ ಪತ್ರಿಕೆಗಳೂ ಎತ್ತಿ ಹಾಕಿಕೊಂಡವು. ಕತ್ತರಿ ಈಗ ಬಾಗಿಲಲ್ಲಿ ಕಂಡರೆ “ಬನ್ನಿ ಬನ್ನಿ” ಅನ್ನುತ್ತಾರೆ.

ಈ ಸಲ ಸಂಚಿಕೆ ಕಳಿಸುತ್ತಿಲ್ಲ. ಅಂಚೆಗೆ ಸುಮ್ಮನೆ ಭಾರ. ಆಕಳಿಕೆಯ ಬಗ್ಗೆ ಓದಿದರೂ ಆಕಳಿಕೆ ಬರುತ್ತದೆ, ಗೊತ್ತಿತ್ತಾ? ಈಗ ನಿನಗೆ ಬಂದಿರಬೇಕು.

ಸೋಮಾರಿತನ ಎಂದರೇನು? ನೀನು ಎರಡೆರಡು ಮೆಟ್ಟಿಲು ಹಾರುವವನಲ್ಲವೇನೋ?

ಅಕ್ಕ

ಮೇ 21, ಮಂಗಳವಾರ

ಅಕ್ಕಾ,

ಹೋದ ವಾರ ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡು. “ಯಾವುದೋ ದೂರದೇಶದ ಮದ್ದಿನ ಕಾರ್ಖಾನೆಯಲ್ಲಿ” ಎಂದು ಶುರುವಾಗಿ, ಸೋಮವಾರದ ತಲೆನೋವು, ಟೋಪಿಯ ಪಟ್ಟಿ, ಶನಿವಾರ ಸವರಿಕೊಳ್ಳುವುದು, ಎಲ್ಲ ಇತ್ತು. ಗಟ್ಟಿಯಾಗಿ ಓದಿದರು. ಚೆನ್ನಾಗಿ ಬರೆದಿದ್ದಾರೆ, ಕೆಲವರು ನಕ್ಕರು ಕೂಡ. ಆಮೇಲೆ “ಟೋಪಿ ಬಿಚ್ಚಿ” ಅಂದರು.

ಈಗ ನಮ್ಮ ಟೋಪಿಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ. ಒಳಗೆ ಕಾರ್ಖಾನೆಯದೇ ಬಿಳಿ ಟೋಪಿ, ಹೊರಡುವಾಗ ಬಿಚ್ಚಿಕೊಟ್ಟು ತಲೆ ತೊಳೆದು ತೋರಿಸಬೇಕು. ಅವರ ಮಾತೂ ತಪ್ಪಲ್ಲ. ಮದ್ದು ಸವರಿದ ಟೋಪಿ ಹಾಕಿಕೊಂಡು ಬಸ್ಸಿನಲ್ಲಿ ಕೂರುವುದು ನಾಲ್ಕು ಜನಕ್ಕೆ ಹೇಳುವ ವಿಷಯವಲ್ಲ.

ನಿನ್ನನ್ನು ನಾನೇನೂ ಕೇಳುವುದಿಲ್ಲ. ಉತ್ತರ ಸಿಕ್ಕ ಮೇಲೆ ಕೆದಕುವ ಹಾಗಿಲ್ಲವಲ್ಲ.

ತಮ್ಮ

ಮೇ 30, ಗುರುವಾರ

ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಬೇರೆ ದೇಶದ ಕಾರ್ಖಾನೆಗಳಲ್ಲೂ ಇಂಥ ರೂಢಿ ಇರಬಹುದು, ಯಾರು ಬೇಕಾದರೂ ಬರೆದಿರಬಹುದು. ಬರೆದವರು ಯಾರೇ ಆಗಲಿ, ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು. ವಿಷವನ್ನು ತಲೆಗೆ ಕಟ್ಟಿಕೊಂಡು ಮಲಗುವುದು ತಪ್ಪಿತಲ್ಲ. ಸೋಮವಾರ ತಲೆ ನೋಯುತ್ತದೆ ಅಂದೆ, ನೋಯಲಿ. ತಲೆನೋವಿನಿಂದ ಯಾರೂ ಸತ್ತಿಲ್ಲ. ಒಂದು ಲೋಟ ಕಾಫಿ ಕುಡಿ, ಕತ್ತಲೆಯಲ್ಲಿ ಮಲಗು.

ನಿನಗೇನು ಗೊತ್ತು ಇಲ್ಲಿ ನನ್ನ ಪಾಡು? ಜಾಹೀರಾತು ಬಂದಿದ್ದರೆ ನಾನು ಬೀದಿಯಲ್ಲಿ ನಿಲ್ಲಬೇಕಿತ್ತು. ಇರಲಿ. ಮುಂದಿನ ರಜೆಗೆ ಇಲ್ಲಿಗೆ ಬಾ. ಹೊಸ ಟೋಪಿ ಹೊಲಿದುಕೊಡುತ್ತೇನೆ.

ಅಕ್ಕ

ಜೂನ್ 11, ಮಂಗಳವಾರ

ಅಕ್ಕಾ,

ಸಿಹಿ ಮೇಸ್ತ್ರಿ ಭಾನುವಾರ ಹೋದ. ಮಗಳ ಮನೆಗೆ ಹೊರಟವನು ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದನಂತೆ. ಒಂದು ಕಾಲಿನದು ಕಟ್ಟಿ ಮುಗಿದಿತ್ತು. ಮದ್ದಿನ ಮಧ್ಯೆ ಮುದುಕನಾದವನು, ಮೈಮೇಲೆ ಒಂದು ಗೀರಿಲ್ಲ.

ಸಾವಿನ ಮನೆಯಲ್ಲಿ ಹಳಬರು ಗುಸುಗುಸು ಮಾತಾಡಿದರು. “ಇಲ್ಲಿ ದುಡಿಯೋ ದಿನ ಯಾರೂ ಸಾಯಲ್ಲ ಕಣೋ, ರಜೆ ದಿನವೇ ಸಾಯೋದು. ಟೋಪಿ ಇರೋದು ತಲೆನೋವಿಗೆ ಅಂತ ನಿಮ್ಮಂಥ ಹುಡುಗರಿಗೆ ಹೇಳ್ತೀವಿ” ಅಂದ ಒಬ್ಬ. ಎಣ್ಣೆಗೆ ಒಗ್ಗಿದ ಎದೆ ಎಣ್ಣೆ ಸಿಗದಿದ್ದರೆ ಹಿಂಡಿಕೊಳ್ಳುತ್ತದಂತೆ. ಮ್ಯಾನೇಜರಿಗೆ ಹೇಳೋಣ ಅಂದೆ. “ಎದೆ ಸರಿಯಿಲ್ಲ ಅಂದೋನನ್ನ ನಾಳೆಯಿಂದ ಒಳಗೆ ಬಿಡ್ತಾರಾ?” ಅಂದರು. ಎಲ್ಲರ ಬಾಯಿಗೂ ಬೀಗ.

ಅಕ್ಕಾ, ಆಟದಲ್ಲಿ ನಾನು ಒಂದೇ ಒಂದು ಸಲ ಮೋಸ ಮಾಡಿದ್ದೇನೆ. ಎದೆಯ ಮೇಲೆ ಕೂರುವವರ ಕಥೆಗೆ ನೀನು ಸುಳ್ಳು ಅಂದೆ, ನಾನು ‘ನೀನು ಗೆದ್ದೆ’ ಎಂದು ಬರೆದೆ. ನೀನು ಗೆಲ್ಲಲಿಲ್ಲ. ಅವರು ಬರುತ್ತಾರೆ. ನೀನು ಹೆದರಿ ಕೆಲಸ ಬಿಡಿಸುತ್ತೀಯ ಎಂದು ಮುಚ್ಚಿಟ್ಟೆ. ಈಗ ಬಿಟ್ಟರೂ ಏನು? ಬಿಡುವುದೂ ರಜೆಯೇ, ಮುಗಿಯದ ರಜೆ.

ಯಂತ್ರ ರಿಪೇರಿಗೆಂದು ಇಪ್ಪತ್ತನೇ ತಾರೀಕು ಸಂಜೆ ಗೇಟು ಮುಚ್ಚಿ ಸೋಮವಾರ ತೆಗೆಯುತ್ತಾರೆ. ಇಷ್ಟು ಉದ್ದದ ರಜೆ ನನಗೆ ಇದೇ ಮೊದಲು. ಎರಡು ದಿನದ ರೈಲು ಹತ್ತಿ ನಿನ್ನಲ್ಲಿಗೆ ಬರುವ ಧೈರ್ಯವಿಲ್ಲ, ರೂಮಿನಲ್ಲೇ ಮಲಗಿರುತ್ತೇನೆ. ನನಗೆ ಭಯವಾಗುತ್ತಿದೆ ಅಕ್ಕ. ಇದರಲ್ಲಿ ನಿಜವೋ ಸುಳ್ಳೋ ಇಲ್ಲ.

ತಮ್ಮ

ಜೂನ್ 20, ಗುರುವಾರ

ಪುಟ್ಟಾ, ನನ್ನ ಪುಟ್ಟಾ,

ನಿನ್ನ ಕಾಗದ ಈಗ, ಮಧ್ಯಾಹ್ನದ ಅಂಚೆಯಲ್ಲಿ ಬಂತು. ಓದಿ ಹಾಗೇ ನಮ್ಮ ಪತ್ರಿಕೆಗೆ ಆರೋಗ್ಯದ ಅಂಕಣ ಬರೆಯುವ ಡಾಕ್ಟರ ಹತ್ತಿರ ಓಡಿದೆ. ಅವರು ಕಾಗದ ಓದುತ್ತ ಕನ್ನಡಕ ತೆಗೆದರು. “ಎಷ್ಟು ದಿನದ ರಜೆ?” ಅಂದರು. ಹೇಳಿದೆ. ಬೀರು ತೆಗೆದು ಗಾಜಿನ ಸೀಸೆ ಕೊಟ್ಟರು. ಎದೆನೋವು ಬಂದವರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಅದನ್ನು ಮಾಡುವುದು ನಿಮ್ಮ ಆ ಎಣ್ಣೆಯಿಂದಲೇ ಅಂತೆ ಪುಟ್ಟಾ. ಕಲ್ಲು ಒಡೆಯುವುದೂ ಅದೇ, ಎದೆ ಬಿಡಿಸುವುದೂ ಅದೇ. ನಿನ್ನ ಮೇಸ್ತ್ರಿ ಟೋಪಿಗೆ ಸವರುತ್ತಿದ್ದದ್ದು ಔಷಧಿ. ಸೀಸೆ ಈ ಲಕೋಟೆಯ ಜೊತೆ ಕಟ್ಟಿದ್ದೇನೆ. ಎದೆ ಹಿಡಿದ ಕೂಡಲೇ ಒಂದು ಇಟ್ಟುಕೋ, ಅಲ್ಲಿಯ ಆಸ್ಪತ್ರೆಗೆ ಹೋಗಿ ಎಲ್ಲಿ ಕೆಲಸ ಮಾಡುತ್ತೀಯ ಎಂದು ಹೇಳು. ಕೆಲಸ ಹೋದರೆ ಹಾಳಾಗಿ ಹೋಗಲಿ.

ಟೆಲಿಗ್ರಾಂ ಕೂಡ ಕೊಟ್ಟೆ: “ಒಬ್ಬನೇ ಇರಬೇಡ, ಇವತ್ತೇ ಆಸ್ಪತ್ರೆಗೆ ಹೋಗು.” ಕೊಟ್ಟ ಮೇಲೆ ಹೊಳೆಯಿತು, ನನಗೆ ಗೊತ್ತಿರುವ ವಿಳಾಸ ಗೇಟಿನದು ಮಾತ್ರ. ಈ ಹೊತ್ತು ಅದನ್ನು ಮುಚ್ಚುತ್ತಿರಬಹುದು. ನಾನೂ ನಾಳೆಯ ರೈಲು ಹತ್ತುತ್ತೇನೆ.

ಬರೆದವಳು ನಾನೇ. ನೀನು ಬೇಡ ಅಂದಿದ್ದೆ. ಪುಟ ಅಚ್ಚಿಗೆ ಹೋಗುವಾಗ ಮೂಲೆ ಖಾಲಿ ಇತ್ತು, ಕತ್ತರಿ ತಲೆಯ ಮೇಲೆ ನಿಂತಿದ್ದರು. ದೂರದೇಶ ಎಂದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಎದೆಯ ಮಾತು ಮಾತ್ರ ಬಿಟ್ಟೆ. ಅದು ಸುಳ್ಳು ಅಂತ ನಾನೇ ತೀರ್ಪು ಕೊಟ್ಟಿದ್ದೆನಲ್ಲ, ಸುಳ್ಳನ್ನು ನನ್ನ ಮೂಲೆಗೆ ಹಾಕುವುದಿಲ್ಲ ಎಂಬ ಕೊಬ್ಬು ನನಗೆ. ಅದನ್ನೂ ಹಾಕಿದ್ದರೆ ನಿಮ್ಮ ಮ್ಯಾನೇಜರು ಟೋಪಿ ಕಿತ್ತುಕೊಳ್ಳುವ ಮೊದಲು ಒಬ್ಬ ಡಾಕ್ಟರನ್ನಾದರೂ ಕೇಳುತ್ತಿದ್ದರೇನೋ.

ಬೈದು ಬರೆ. ಎರಡು ಗೆರೆ ಬೈದು ಬರೆ ಸಾಕು.

ಅಕ್ಕ

ಜುಲೈ 1, ಸೋಮವಾರ

ಅಕ್ಕನವರಿಗೆ ಗೇಟಿನ ಕಾವಲುಗಾರ ಬರೆಯುವುದು.

ಸೋಮವಾರ ಗೇಟಿನಲ್ಲಿ ನಿಮ್ಮನ್ನು ಕಂಡಾಗ ಎಲ್ಲ ಹೇಳದೆ ಕಳಿಸಿಬಿಟ್ಟೆ. ನೀವು ರೈಲು ಇಳಿದದ್ದು ಭಾನುವಾರ ಸಂಜೆ, ಅವನು ಹೋದದ್ದು ಅವತ್ತೇ ಬೆಳಿಗ್ಗೆ. ನೀರು ತರಲು ಕೆಳಗಿಳಿದ ಮನೆ ಒಡತಿ ಬಾಗಿಲು ತೆರೆದಿದ್ದದ್ದು ನೋಡಿ ಒಳಗೆ ಹೋದಳು ಎಂದು ನಿಮಗೆ ಹೇಳಿದ್ದಾರೆ. ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಮುಚ್ಚಿಡೋಣ ಅಂದುಕೊಂಡೆ, ನಿದ್ದೆ ಬರಲಿಲ್ಲ.

ರಜೆಗೆ ನಾನು ಊರಿಗೆ ಹೋಗಿದ್ದೆ. ಗೇಟಿಗೆ ಬದಲಿ ಆಳು ಹಾಕಿದ್ದರು, ಅವನಿಗೆ ಯಾರ ಪರಿಚಯವೂ ಇಲ್ಲ. ನಿಮ್ಮ ತಮ್ಮ ಶನಿವಾರ ಮಧ್ಯಾಹ್ನ ಬಂದಿದ್ದನಂತೆ. “ಅಣ್ಣಾ, ನನ್ನ ನೀಲಿ ಟೋಪಿ ಪೆಟ್ಟಿಗೇಲಿದೆ, ಅಕ್ಕ ಹೊಲಿದಿದ್ದು, ಒಂಚೂರು ಕೊಡ್ತೀಯಾ” ಅಂದನಂತೆ. “ಈ ಬಿಸಿಲಲ್ಲಿ ಟೋಪಿ ಯಾಕಯ್ಯಾ, ಸೋಮವಾರ ಬಾ” ಅಂತ ಇವನು ಕಳಿಸಿದ. ಅವನು ಜಗಳ ಆಡಲಿಲ್ಲವಂತೆ, ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೋದನಂತೆ. ನಿಮ್ಮ ಟೆಲಿಗ್ರಾಂ ಶುಕ್ರವಾರವೇ ಬಂದು ಕಿಟಕಿಯ ಸರಳಿನಲ್ಲಿತ್ತು. ಹೆಸರು ಕೇಳಿದ್ದರೆ ಕೊಡುತ್ತಿದ್ದ. ಕೇಳಲಿಲ್ಲ.

ಆಮೇಲೆ ನಿಮ್ಮ ಕಟ್ಟೂ ಬಂತು. ಸೀಸೆ ಒಡೆದಿಲ್ಲ, ಹಾಗೇ ಇದರ ಜೊತೆ ಇಟ್ಟಿದ್ದೇನೆ. ಟೋಪಿ ಪೆಟ್ಟಿಗೆಯಲ್ಲಿ ಉಳಿದಿತ್ತು, ಕಚೇರಿಯವರನ್ನು ಕೇಳದೆ ತೆಗೆದು ಕಳಿಸುತ್ತಿದ್ದೇನೆ, ಹೊರಗೆ ಬಟ್ಟೆ ಎಂದು ಬರೆದಿದ್ದೇನೆ. ತೊಳೆದಿಲ್ಲ. ಒಗೆದು ಗಾಳಿಯಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಹಾಗೇ ಹಾಕಿಕೊಂಡರೆ ನಿಮಗೆ ತಲೆ ನೋಯುತ್ತದೆ.

ಜುಲೈ 15, ಸೋಮವಾರ

ಪುಟ್ಟಾ,

ಇದನ್ನು ಎಲ್ಲಿಗೆ ಕಳಿಸಲಿ? ಗೇಟಿಗೆ ಬರೆದರೆ ಆ ಮನುಷ್ಯ ಸರಳಿಗೆ ಸಿಕ್ಕಿಸಿ ಕಾಯುತ್ತಾನೆ, ಪಾಪ. ನನ್ನ ಮೇಜಿನಲ್ಲೇ ಇರಲಿ.

ಟೋಪಿಗಳನ್ನು ಯಾಕೆ ಕಿತ್ತುಕೊಳ್ಳಬಾರದಿತ್ತು, ರಜೆಗೆ ಹೋಗುವವರ ಕೈಗೆ ಏನು ಕೊಡಬೇಕು, ಎಲ್ಲ ಬರೆದು ಡಾಕ್ಟರ ರುಜು ಹಾಕಿಸಿ ಕತ್ತರಿಯ ಮುಂದಿಟ್ಟೆ. ಈ ಸಲ ದೂರದೇಶ ಅನ್ನಲಿಲ್ಲ. ನಿನ್ನನ್ನು ನನ್ನ ತಮ್ಮ ಎಂದೇ ಬರೆದೆ. ಓದಿ, “ಇದು ‘ಹೌದಾ?’ ಮೂಲೆಗೆ ಆಗಲ್ಲಮ್ಮ, ಜನ ಬೆಳಿಗ್ಗೆ ಬೆಳಿಗ್ಗೆ ನಗೋಕೆ ಓದೋದು” ಅಂದರು. ಹಾಗಾದರೆ ಮೂಲೆ ನಿಮ್ಮ ಎಣ್ಣೆಯವರಿಗೇ ಕೊಡಿ ಅಂದು ಎದ್ದು ಬಂದೆ. ಬರಹದ ಪ್ರತಿಗಳನ್ನು ಮಾಡಿ ಒಂದನ್ನು ನಿಮ್ಮ ಮ್ಯಾನೇಜರಿಗೆ, ಒಂದನ್ನು ಹಳಬರಿಗೆ ಕಳಿಸಿದ್ದೇನೆ. ಇನ್ನೂ ಉತ್ತರವಿಲ್ಲ.

ನಿನ್ನ ಟೋಪಿಯನ್ನು ಒಗೆಯಲಿಲ್ಲ. ಹಾಗೇ ಹಾಕಿಕೊಳ್ಳಬೇಡಿ ಎಂದು ಕಾವಲುಗಾರ ಬರೆದಿದ್ದ, ಪತ್ರಿಕೆಗೆ ಹಾಕಬೇಡ ಎಂದು ನೀನೂ ಬರೆದಿದ್ದೆ, ನಾನು ಯಾವತ್ತು ಯಾರ ಮಾತು ಕೇಳಿದ್ದೇನೆ? ಬೆಳಿಗ್ಗೆ ಹಾಕಿಕೊಂಡು ಅಡುಗೆಮನೆಗೆ ಹೋದೆ. ನಿನ್ನ ಅಳತೆಗೆ ಹೊಲಿದದ್ದು, ನನಗೆ ಹುಬ್ಬಿನ ತನಕ ಇಳಿಯುತ್ತದೆ. ಒಂದೇ ತಟ್ಟೆ ಇತ್ತು, ತೊಳೆದೆ.

ನನ್ನ ಸರದಿ. ಸೋಮವಾರದ ತಲೆನೋವು ಎದೆಯನ್ನು ಬಿಡಿಸುತ್ತದೆ. ನಿಜವೋ ಸುಳ್ಳೋ?

ತಲೆ ಸೀಳುತ್ತಿದೆ ಪುಟ್ಟಾ. ಎದೆಯ ಮೇಲೆ ಕೂತವರು ಏಳುತ್ತಿಲ್ಲ.

ಅಕ್ಕ